ಮಾಂಗಾ ಕಲಾವಿದರಾಗಲು ವಯಸ್ಸಿನ ಲೆಕ್ಕವೋ, ಪುಟಗಳ ಲೆಕ್ಕವೋ?

ಜಪಾನಿನ ಮಾಂಗಾ, ಅಂದರೆ ಚಿತ್ರಕಥೆಯ, ಪತ್ರಿಕೆಗಳು ಹೊಸಬರ ಸ್ಪರ್ಧೆಯ ಫಲಿತಾಂಶ ಅಚ್ಚುಹಾಕುವಾಗ ಹೆಸರಿನ ಪಕ್ಕದಲ್ಲೇ ಊರು ಮತ್ತು ವಯಸ್ಸು ಹಾಕುವುದು ಹಳೆಯ ರೂಢಿ. 17, 19, 22, 20 ಎಂದು ಸಾಲಾಗಿ ಓದುತ್ತ ಹೋದರೆ ಮೂವತ್ತು ದಾಟಿದವರಿಗೆ ಎದೆ ಧಸಕ್ಕೆನ್ನುತ್ತದೆ. ಅದೇ ಸ್ಪರ್ಧೆಯ ನಿಯಮಗಳನ್ನು ತೆಗೆದು ನೋಡಿದರೆ ಅಲ್ಲಿ ಬರೆದಿರುವುದು ಬೇರೆ: ವಯಸ್ಸಿನ ಮಿತಿ ಇಲ್ಲ, ವೃತ್ತಿಪರರಾದರೂ ಸರಿ, ಹವ್ಯಾಸಿಗಳಾದರೂ ಸರಿ. ದೊಡ್ಡ ಪ್ರಕಾಶಕರ ಬಹುಪಾಲು ಸ್ಪರ್ಧೆಗಳದ್ದು ಇದೇ ನಿಯಮ. ಎರಡೂ ಸುಳ್ಳಲ್ಲ. ಬಾಗಿಲಿಗೆ ಬೀಗ ಹಾಕಿಲ್ಲ, ಆದರೆ ಒಳಗೆ ಕೂತ ಸಂಪಾದಕರು ವಯಸ್ಸಿನ ಮೇಲೆ ಕಣ್ಣು ಹಾಯಿಸದೆ ಬಿಡುವುದೂ ಇಲ್ಲ.

ಮೊದಲು ಎಲ್ಲರೂ ಎತ್ತುವ ಹೆಸರುಗಳನ್ನೇ ನೋಡೋಣ. ಒಸಾಮು ತೆಜುಕಾ 1946ರಲ್ಲಿ ಪತ್ರಿಕೆಗೆ ಚಿತ್ರ ಬರೆಯಲು ಶುರುಮಾಡಿದಾಗ 17 ವರ್ಷ. ಎಯಿಚಿರೊ ಒದಾ 1992ರಲ್ಲಿ ಶೂಎಯ್ಶಾ ಪ್ರಕಾಶನದ ತೆಜುಕಾ ಪ್ರಶಸ್ತಿಯಲ್ಲಿ ಎರಡನೇ ದರ್ಜೆಯ ಮನ್ನಣೆ ಪಡೆದದ್ದೂ 17ಕ್ಕೆ. ಅವರ 'ಒನ್ ಪೀಸ್' ಶುರುವಾದದ್ದು 1997ರಲ್ಲಿ, 22ಕ್ಕೆ. ರುಮಿಕೊ ತಕಾಹಾಶಿ 1978ರಲ್ಲಿ 20ಕ್ಕೆ ಈ ರಂಗಕ್ಕೆ ಬಂದರು. ಅಕಿರಾ ತೊರಿಯಾಮಾ ಅದೇ ವರ್ಷ 23ಕ್ಕೆ ಬಂದರು, ಅದೂ ಜಾಹೀರಾತು ಕಂಪನಿಯ ಕೆಲಸ ಬಿಟ್ಟ ಮೇಲೆ. ಕೊಯೊಹರು ಗೊತೊಗೆ 2016ರಲ್ಲಿ 'ಕಿಮೆತ್ಸು ನೊ ಯೈಬಾ' ಶುರುಮಾಡಿದಾಗ 26.

ಇನ್ನೊಂದು ಸಾಲೂ ಇದೆ. ಶಿಗೆರು ಮಿಜುಕಿ 1922ರಲ್ಲಿ ಹುಟ್ಟಿದವರು. ಯುದ್ಧದಲ್ಲಿ ಎಡಗೈ ಕಳೆದುಕೊಂಡರು, ಮೂವತ್ತರ ನಡುವಿನಲ್ಲಿ ಬಾಡಿಗೆ ಪುಸ್ತಕದಂಗಡಿಗಳ ಮಾಂಗಾಕ್ಕೆ ಇಳಿದರು, 1965ರಲ್ಲಿ ಕೊದಾನ್ಶಾ ಪ್ರಕಾಶನದ ಮಕ್ಕಳ ಮಾಂಗಾ ಪ್ರಶಸ್ತಿ ಬಂದಾಗ 43 ತುಂಬಿತ್ತು. ನಜುನಾ ಸಾಯ್ತೊ 1986ರಲ್ಲಿ, 40ನೇ ವಯಸ್ಸಿನಲ್ಲಿ, ಬಿಗ್ ಕಾಮಿಕ್ ಪತ್ರಿಕೆಯ ಹೊಸಬರ ಪ್ರಶಸ್ತಿ ಪಡೆದು ಬಂದವರು. ಕಾಜುತೊ ತತ್ಸುತಾ ಎಂಬ ಕಾವ್ಯನಾಮದ ಕಲಾವಿದರು ಫುಕುಶಿಮಾ ಅಣುಸ್ಥಾವರದಲ್ಲಿ ಕೂಲಿಕಾರರಾಗಿ ದುಡಿದು, ಆ ಅನುಭವವನ್ನೇ ಚಿತ್ರಿಸಿ 2013ರಲ್ಲಿ ಮಾರ್ನಿಂಗ್ ವಾರಪತ್ರಿಕೆಗೆ ಕಾಲಿಟ್ಟಾಗ ಐವತ್ತರ ಹೊಸ್ತಿಲಲ್ಲಿದ್ದರು. ತಕಾಶಿ ಯಾನಾಸೆ ಅವರ ಅನ್‌ಪಾನ್‌ಮಾನ್ ಚಿತ್ರಪುಸ್ತಕ ಬಂದದ್ದು 1973ರಲ್ಲಿ, ಅವರಿಗೆ 54. ಟಿವಿಗೆ ಬರುವಷ್ಟರಲ್ಲಿ 69.

ಈ ಎರಡನೇ ಸಾಲನ್ನು ತೋರಿಸಿ ಸಮಾಧಾನ ಹೇಳುವವರು ಒಂದು ಸಂಗತಿಯನ್ನು ನುಂಗಿಬಿಡುತ್ತಾರೆ. ಇವರಲ್ಲಿ ಯಾರೂ ನಲವತ್ತಕ್ಕೆ ಮೊದಲ ಬಾರಿ ಪೆನ್ಸಿಲ್ ಹಿಡಿದವರಲ್ಲ. ಮಿಜುಕಿ ಮಾಂಗಾಕ್ಕೆ ಮೊದಲು ವರ್ಷಗಟ್ಟಲೆ ಕಾಮಿಶಿಬಾಯಿ, ಅಂದರೆ ಬೀದಿಯಲ್ಲಿ ಕಥೆ ಹೇಳುವವರ ಚಿತ್ರಫಲಕ, ಬರೆದಿದ್ದರು. ಸಾಯ್ತೊ ಚಿತ್ರಕಲಾವಿದೆಯಾಗಿ ದುಡಿದಿದ್ದವರು. ಯಾನಾಸೆ ಡಿಪಾರ್ಟ್‌ಮೆಂಟ್ ಸ್ಟೋರ್ ಒಂದರ ಜಾಹೀರಾತು ವಿಭಾಗದಲ್ಲಿದ್ದು, ನಂತರ ದಶಕಗಳ ಕಾಲ ವ್ಯಂಗ್ಯಚಿತ್ರ ಬರೆದವರು. ತತ್ಸುತಾ ಕೂಡ ಹಿಂದೆ ಮಾಂಗಾ ಬರೆದು ಹೆಸರು ಮಾಡದೆ ಉಳಿದವರು. ತಡವಾಗಿ ಬಂದವರ ಬಳಿ ಪಳಗಿದ ಕೈ ಇರುತ್ತದೆ, ಇಲ್ಲವೇ ಬೇರೆ ಯಾರ ಬಳಿಯೂ ಇಲ್ಲದ ವಸ್ತು ಇರುತ್ತದೆ. ಎರಡೂ ಇದ್ದರೆ ವಯಸ್ಸನ್ನು ಯಾರೂ ಕೇಳುವುದಿಲ್ಲ. ಎರಡೂ ಇಲ್ಲದಿದ್ದರೆ 25 ಕೂಡ ತಡವೇ.

ಹಾಗಾದರೆ ಸಂಪಾದಕರು ವಯಸ್ಸನ್ನು ಯಾಕೆ ನೋಡುತ್ತಾರೆ? ಮೊದಲ ಸಣ್ಣ ಪ್ರಶಸ್ತಿಯಿಂದ ಮೊದಲ ಧಾರಾವಾಹಿಯವರೆಗೆ ಕೆಲವು ವರ್ಷ ಹಿಡಿಯುವುದು ಮಾಮೂಲು. ಆ ಅವಧಿಯಲ್ಲಿ ಸಂಪಾದಕರು ಸಂಬಳದ ಸಮಯ ಸುರಿದು ಒಬ್ಬರನ್ನು ಬೆಳೆಸುತ್ತಾರೆ. 19ರ ಹುಡುಗಿಯ ಅಂಗರಚನೆ ಸೊಟ್ಟಗಿದ್ದರೂ ಕಥೆಯಲ್ಲಿ ಕಿಡಿ ಕಂಡರೆ 'ನೊಬಿಶಿರೊ ಇದೆ' ಎನ್ನುತ್ತಾರೆ. ಇನ್ನೂ ಬೆಳೆಯಲು ಜಾಗವಿದೆ ಎಂದರ್ಥ. ಅದೇ ಸೊಟ್ಟ ಕೈ 38ರವರದ್ದಾದರೆ ಆ ಮಾತು ಬರುವುದಿಲ್ಲ. ಅವರಿಂದ ನಿರೀಕ್ಷಿಸುವುದು 'ಸೊಕುಸೆನ್‌ರ್ಯೊಕು', ಇವತ್ತೇ ಕಣಕ್ಕಿಳಿಸಬಹುದಾದ ಶಕ್ತಿ. ಇದು ಅನ್ಯಾಯವೋ ವ್ಯವಹಾರವೋ ಎಂದು ವಾದ ಮಾಡಬಹುದು. ಕಳುಹಿಸುವವರಿಗೆ ಬೇಕಾದದ್ದು ಇಷ್ಟು: ವಯಸ್ಸಾದಂತೆ ಅರ್ಧಂಬರ್ಧ ಕೆಲಸಕ್ಕೆ ಸಿಗುವ ರಿಯಾಯಿತಿ ಕಡಿಮೆ.

ಈ ರಿಯಾಯಿತಿ ಎಲ್ಲ ಪತ್ರಿಕೆಗಳಲ್ಲೂ ಒಂದೇ ಅಳತೆಯಲ್ಲಿಲ್ಲ. ಹುಡುಗರ ವಾರಪತ್ರಿಕೆಗಳಲ್ಲಿ ವಯಸ್ಸು ಹೆಚ್ಚು ಕಾಡುತ್ತದೆ. ವೀಕ್ಲಿ ಶೋನೆನ್ ಜಂಪ್‌ನಂಥ ಪತ್ರಿಕೆಯಲ್ಲಿ ವಾರಕ್ಕೆ ಸುಮಾರು 19 ಪುಟ. ಓದುಗರ ಸಮೀಕ್ಷೆಯಲ್ಲಿ ಹಿಂದೆ ಬಿದ್ದರೆ ಹತ್ತು ಹದಿನೈದು ಕಂತಿನಲ್ಲೇ ಕಥೆ ಮುಗಿಸಬೇಕಾಗುತ್ತದೆ, ಆಮೇಲೆ ಹೊಸ ಕಥೆಯೊಂದಿಗೆ ಮತ್ತೆ ಸರದಿಯಲ್ಲಿ ನಿಲ್ಲಬೇಕು. ಇಪ್ಪತ್ತರಲ್ಲಿ ಇಂಥ ಎರಡು ಮೂರು ಸೋಲು ನುಂಗಬಹುದು. ಮನೆ ಬಾಡಿಗೆ, ಮಕ್ಕಳ ಫೀಸು ಇರುವವರಿಗೆ ಒಂದೇ ಸೋಲು ಸಾಕು. ಓದುಗರೂ ಶಾಲಾ ಮಕ್ಕಳು, ಅವರ ಮಾತಿನ ಧಾಟಿ ಐದು ವರ್ಷಕ್ಕೊಮ್ಮೆ ಬದಲಾಗುತ್ತದೆ.

ವಯಸ್ಕರ ಪತ್ರಿಕೆಗಳಲ್ಲಿ ಗಾಳಿ ಬೇರೆ ದಿಕ್ಕಿನದು. ಮಾರ್ನಿಂಗ್, ಆಫ್ಟರ್‌ನೂನ್, ಬಿಗ್ ಕಾಮಿಕ್ ಬಳಗದ ಪತ್ರಿಕೆಗಳು, ಮಹಿಳೆಯರಿಗಾಗಿ ಬರುವ ಬಿ ಲವ್, ಫೀಲ್ ಯಂಗ್ ಇವುಗಳ ಓದುಗರೇ ನಡುವಯಸ್ಸಿನವರು. ಆಸ್ಪತ್ರೆಯ ರಾತ್ರಿ ಪಾಳಿ, ದಿವಾಳಿಯೆದ್ದ ಕಾರ್ಖಾನೆ, ವಿಚ್ಛೇದನದ ಮೇಲಿನ ಮೊದಲ ವರ್ಷ, ವಯಸ್ಸಾದ ತಾಯಿಯ ಆರೈಕೆ, ಇವೆಲ್ಲ ಇಲ್ಲಿ ಸರಕು. ಆಫ್ಟರ್‌ನೂನ್‌ನ ಶಿಕಿ ಪ್ರಶಸ್ತಿ ಪುಟಸಂಖ್ಯೆಯ ಕಟ್ಟುಪಾಡಿಲ್ಲದೆ ವಿಲಕ್ಷಣ ಕೃತಿಗಳನ್ನೂ ತೆಗೆದುಕೊಳ್ಳುವುದಕ್ಕೆ ಹೆಸರುವಾಸಿ. ಕೊದಾನ್ಶಾದ್ದೇ ಚಿಬಾ ತೆತ್ಸುಯಾ ಪ್ರಶಸ್ತಿಯಲ್ಲಿ ಎರಡು ವಿಭಾಗ: ಮಾರ್ನಿಂಗ್ ನಡೆಸುವ ಸಾಮಾನ್ಯ ವಿಭಾಗ, ಯಂಗ್ ಮ್ಯಾಗಜೀನ್ ನಡೆಸುವ ಯುವ ವಿಭಾಗ. ಕೆಲಸ, ಕುಟುಂಬದ ಕಥೆ ಹೇಳುವ 35ರವರು ಯುವ ವಿಭಾಗಕ್ಕೆ ಕಳಿಸಿ ತಿರಸ್ಕೃತರಾದರೆ ಅಲ್ಲಿ ತಪ್ಪಿದ್ದು ವಿಳಾಸ. ದಿನನಿತ್ಯದ ಅನುಭವವನ್ನು ಸರಳ ರೇಖೆಯಲ್ಲಿ ಹೇಳುವ ಪ್ರಬಂಧ ಮಾಂಗಾಕ್ಕೆ ಕಾದೋಕಾವಾ ಪ್ರಕಾಶನದ 'ಕಾಮಿಕ್ ಎಸ್ಸೆ ಪುಚಿ' ಪ್ರಶಸ್ತಿಯಂಥ ಪ್ರತ್ಯೇಕ ದಾರಿಯೇ ಇದೆ. ಅಲ್ಲಿ ಬದುಕಿನ ಅನುಭವವೇ ಬಂಡವಾಳ.

ಈಗ ನಿಜವಾದ ಲೆಕ್ಕಕ್ಕೆ ಬರೋಣ. ಹೊಸಬರಿಗೆ ಒಂದು ಪುಟ ಮುಗಿಸಲು ಸುಮಾರು ಹತ್ತು ಗಂಟೆ ಹಿಡಿಯುತ್ತದೆ ಎಂದಿಟ್ಟುಕೊಳ್ಳಿ. ನೇಮು, ಅಂದರೆ ಚೌಕಟ್ಟು ಮತ್ತು ಮಾತುಗಳ ಒರಟು ಕರಡು, ಒಂದು ಗಂಟೆ. ಪೆನ್ಸಿಲ್ ಮೂರು, ಶಾಯಿ ಎರಡೂವರೆ, ಹಿನ್ನೆಲೆ ಮತ್ತು ಕಪ್ಪು ತುಂಬುವುದು ಎರಡು, ಟೋನ್ (ನೆರಳಿಗಾಗಿ ಹಾಕುವ ಚುಕ್ಕಿಗಳ ಪದರ) ಮತ್ತು ಅಕ್ಷರ ಒಂದೂವರೆ. 16 ಪುಟದ ಬಿಡಿಕಥೆಗೆ 160 ಗಂಟೆ. ವಾರಕ್ಕೆ 30 ಗಂಟೆ ಕೊಡಬಲ್ಲ ವಿದ್ಯಾರ್ಥಿ ಇದನ್ನು ಐದಾರು ವಾರದಲ್ಲಿ ಮುಗಿಸಿ ವರ್ಷಕ್ಕೆ ಎಂಟು ಕಥೆ ಬರೆಯುತ್ತಾನೆ. ಕೆಲಸಕ್ಕೆ ಹೋಗುತ್ತ ವಾರಕ್ಕೆ 10 ಗಂಟೆ ಮಾತ್ರ ಸಿಗುವವರಿಗೆ 16 ವಾರ ಬೇಕು. ನೇಮು ಎರಡು ಸಲ ತಿದ್ದಿ ಬರೆಯುವುದೂ ಸೇರಿದರೆ 20 ವಾರ. ವರ್ಷಕ್ಕೆ ಎರಡೂವರೆ ಕಥೆ. ವಯಸ್ಸು ಎಂದು ನಾವು ಕರೆಯುವುದರ ಮುಕ್ಕಾಲು ಪಾಲು ಇದೇ ಅಂತರ: ಎಂಟಕ್ಕೆ ಎರಡೂವರೆ. 40ರವರಿಗೂ ದಿನವಿಡೀ ಬಿಡುವಿದ್ದರೆ ಈ ಅಂತರ ಇರುವುದಿಲ್ಲ, 20ರವರು ಎರಡು ಕಡೆ ಕೆಲಸ ಮಾಡುತ್ತಿದ್ದರೆ ಅವರಿಗೂ ಇದೇ ತೊಂದರೆ.

ಅದಕ್ಕೇ ಮೊದಲ ವರ್ಷ 8 ಪುಟದ ಕಥೆಗಳನ್ನೇ ಬರೆಯಿರಿ ಎನ್ನುವುದು. 80 ಗಂಟೆ, ಎಂಟು ವಾರ, ವರ್ಷಕ್ಕೆ ಆರು. ಒಂದು 48 ಪುಟದ ಮಹಾಕಥೆ ನುಂಗುವ ಸಮಯದಲ್ಲೇ ಆರು ಆರಂಭ, ಆರು ಅಂತ್ಯ ಬರೆದಂತಾಗುತ್ತದೆ. ಕಥೆ ಮುಗಿಸುವ ಕಲೆ ಮುಗಿಸಿದ ಕಥೆಗಳಿಂದ ಮಾತ್ರ ಬರುತ್ತದೆ, ಹತ್ತು ಪುಟಕ್ಕೆ ನಿಂತ ನೂರು ಹಸ್ತಪ್ರತಿಗಳಿಂದಲ್ಲ. 8 ಪುಟಕ್ಕೆ ಎರಡು ಪಾತ್ರ, ಒಂದು ಜಾಗ, ಒಂದು ತಿರುವು ಸಾಕು. ಮೂರನೇ ಪಾತ್ರ ಬಂದ ಕೂಡಲೇ ಅದು 16 ಪುಟದ ಕಥೆ.

ವೃತ್ತಿಗೆ ಇಳಿದ ಮೇಲೂ ಇದೇ ಗಣಿತ. ಕೈ ಪಳಗಿ ಪುಟಕ್ಕೆ ಐದು ಗಂಟೆಗೆ ಇಳಿದರೂ ವಾರಕ್ಕೆ 19 ಪುಟ ಎಂದರೆ 95 ಗಂಟೆ. ಸಹಾಯಕರಿಲ್ಲದೆ ಯಾವ ವಯಸ್ಸಿನವರಿಗೂ ಇದು ಆಗದ ಮಾತು. ತಿಂಗಳಿಗೆ 30 ಪುಟ ಎಂದರೆ 150 ಗಂಟೆ, ಅದೇ ಒಂದು ಪೂರ್ಣ ನೌಕರಿ. ಕೆಲಸ ಬಿಡದೆ ವಾರಕ್ಕೆ ಹತ್ತು ಗಂಟೆ ಕೊಡುವವರ ಕೈಗೆಟುಕುವುದು ತಿಂಗಳಿಗೆ ಎಂಟು ಪುಟ. ನಾಲ್ಕು ಚೌಕಟ್ಟಿನ ಹಾಸ್ಯ ಮಾಂಗಾ, ಪ್ರಬಂಧ ಮಾಂಗಾ, ಸಣ್ಣ ವೆಬ್ ಧಾರಾವಾಹಿ ಇವೆಲ್ಲ ಹೆಚ್ಚುಕಡಿಮೆ ಆ ಅಳತೆಗೇ ಹೊಂದುತ್ತವೆ.

ಹಾಳೆಯ ಅಳತೆ ತಪ್ಪಿದರೆ ಹೊಸಬರೆಂದು ಮೊದಲ ನೋಟಕ್ಕೇ ಗೊತ್ತಾಗುತ್ತದೆ. ಪ್ರಕಾಶಕರಿಗೆ ಕೊಡುವ ಮಾಂಗಾ ಹಾಳೆ ಬಿ4, ಅಂದರೆ 257 × 364 ಮಿ.ಮೀ. ಕತ್ತರಿಸಿದ ಮೇಲೆ ಉಳಿಯುವ ಭಾಗ 220 × 310, ಒಳ ಚೌಕಟ್ಟು 180 × 270. ಮಾತಿನ ಗುಳ್ಳೆಗಳು, ಮುಖ್ಯ ಮುಖಗಳು ಒಳ ಚೌಕಟ್ಟನ್ನು ದಾಟಬಾರದು. ಡಿಜಿಟಲ್ ಆದರೆ ಕಪ್ಪು-ಬಿಳುಪಿಗೆ 600 ಡಿಪಿಐ, ಅಂದರೆ ಇಂಚಿಗೆ 600 ಚುಕ್ಕಿ. ಚಿತ್ರ ಬರೆಯುವ ತಂತ್ರಾಂಶವಾದ ಕ್ಲಿಪ್ ಸ್ಟುಡಿಯೊ ಪೇಂಟ್‌ನಲ್ಲಿ ಹಲವು ಪುಟಗಳನ್ನು ಒಂದೇ ಕಡತದಲ್ಲಿ ನಿಭಾಯಿಸುವ ಸೌಲಭ್ಯ ಇರುವುದು ಎಕ್ಸ್ ಆವೃತ್ತಿಯಲ್ಲಿ, ಪ್ರೊದಲ್ಲಲ್ಲ. ಕಾಗದದ ಮೇಲೆ ಬರೆಯುವವರು ಗುಳ್ಳೆಯೊಳಗಿನ ಮಾತನ್ನು ಪೆನ್ಸಿಲ್‌ನಲ್ಲೇ ಬಿಡಬೇಕು, ಅಚ್ಚಕ್ಷರವನ್ನು ಪತ್ರಿಕೆಯವರು ಕೂರಿಸುತ್ತಾರೆ. ತಡವಾಗಿ ಶುರುಮಾಡುವವರು ಶಾಯಿಯಲ್ಲಿ ಅದ್ದಿ ಬರೆಯುವ ಜಿ-ಪೆನ್ ನಿಬ್ಬಿನ ಒತ್ತಡ ಪಳಗಿಸಲು ಒಂದು ವರ್ಷ ಕಳೆಯುವ ಬದಲು ನೇರ ಡಿಜಿಟಲ್‌ಗೆ ಹೋಗುವುದು ಲೇಸು. ನಿಬ್ಬಿನ ಪ್ರೀತಿ ಇದ್ದವರು ಈ ಮಾತಿಗೆ ಸಿಟ್ಟಾಗಬಹುದು.

ಇನ್ನೊಂದು ಸಂಗತಿ ಪುಟ ತಿರುವು, ಜಪಾನಿಯರು 'ಮೆಕುರಿ' ಎನ್ನುವುದು. ಓದು ಬಲದಿಂದ ಎಡಕ್ಕೆ ಸಾಗುವುದರಿಂದ ತೆರೆದ ಜೋಡಿ ಪುಟದಲ್ಲಿ ಕಣ್ಣು ಕೊನೆಗೆ ತಲುಪುವುದು ಎಡಪುಟದ ಕೆಳ ಎಡಮೂಲೆಗೆ. ಕುತೂಹಲದ ಕೊಕ್ಕೆ ಅಲ್ಲಿರಬೇಕು, ಬೆಚ್ಚಿಬೀಳಿಸುವ ಚಿತ್ರ ಪುಟ ತಿರುಗಿಸಿದ ಮೇಲೆ ಬರುವ ಬಲಪುಟದ ಮೊದಲ ಚೌಕಟ್ಟಿನಲ್ಲಿರಬೇಕು. ಎಡದಿಂದ ಬಲಕ್ಕೆ ಓದಿ ಬೆಳೆದವರು ಇದನ್ನು ತಿರುಗುಮುರುಗು ಮಾಡುತ್ತಾರೆ. ಆಗ ಗುಟ್ಟು ಒಂದು ಪುಟ ಮೊದಲೇ ಕಣ್ಣಿಗೆ ಬಿದ್ದು ಕಥೆ ಸಪ್ಪೆಯಾಗುತ್ತದೆ.

ತಡವಾಗಿ ಬಂದವರ ಹಸ್ತಪ್ರತಿಗಳಲ್ಲಿ ಮತ್ತೆ ಮತ್ತೆ ಕಾಣುವ ದೋಷ 'ಚಿತ್ರ ಹಳೆಯದು' ಎಂಬುದು. ಸಂಪಾದಕರು ಹೇಳುವ ಮಾತುಗಳಲ್ಲಿ ಚುಚ್ಚುವಂಥದ್ದೂ ಇದೇ. ಮನುಷ್ಯನ ಕೈ ತಾನು ಹದಿನೈದರಲ್ಲಿ ಹುಚ್ಚುಹಿಡಿಸಿಕೊಂಡು ಓದಿದ ಶೈಲಿಯಲ್ಲೇ ನಿಂತುಬಿಡುತ್ತದೆ. ಕಣ್ಣಿನೊಳಗಿನ ಹೊಳಪಿನ ಆಕಾರ, ಗಲ್ಲದ ಚೂಪು, ಕೂದಲ ಗುಚ್ಛ, ಬಟ್ಟೆಯ ಭುಜ, ಟೋನಿನ ದಟ್ಟಣೆ, ಯಾವ ದಶಕದ ಓದುಗ ಎಂದು ಇವೇ ಹೇಳಿಬಿಡುತ್ತವೆ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂಬ ಗಾದೆ ಇಲ್ಲಿ ಅರ್ಧ ನಿಜ. ಬಗ್ಗುತ್ತದೆ, ಆದರೆ ಬಲವಂತವಾಗಿ ಬಗ್ಗಿಸಬೇಕು. ಗುರಿಯಿಟ್ಟ ಪತ್ರಿಕೆಯ ಈ ತಿಂಗಳ ಸಂಚಿಕೆ ತೆಗೆದುಕೊಂಡು, ಇತ್ತೀಚೆಗೆ ಶುರುವಾದ ಮೂರು ಧಾರಾವಾಹಿಗಳ ತಲಾ ಐದು ಪುಟಗಳನ್ನು ಚೌಕಟ್ಟಿನ ಗೆರೆಸಮೇತ ನೋಡಿ ನಕಲು ಮಾಡಬೇಕು. ಅಭ್ಯಾಸಕ್ಕೆ ಮಾತ್ರ, ಯಾರಿಗೂ ತೋರಿಸಲು ಅಲ್ಲ. ಹದಿನೈದನೇ ಪುಟದ ಹೊತ್ತಿಗೆ ನಿಮ್ಮ ಕೈ ಎಲ್ಲೆಲ್ಲಿ ಹಠ ಹಿಡಿಯುತ್ತದೆಂದು ಗೊತ್ತಾಗಿರುತ್ತದೆ.

ಎರಡನೇ ದೋಷ ಮಾತು. ಜೀವನ ಕಂಡವರಿಗೆ ಹೇಳುವುದು ಬಹಳ ಇರುತ್ತದೆ, ಗುಳ್ಳೆಗಳು ಊದಿಕೊಂಡು ಮುಖಗಳನ್ನು ಮೂಲೆಗೆ ತಳ್ಳುತ್ತವೆ. ಪುಟಕ್ಕೆ ಐದಾರು ಚೌಕಟ್ಟು, ಒಂದು ಗುಳ್ಳೆಯಲ್ಲಿ ಒಂದೇ ಮಾತು ಎಂದು ಕಟ್ಟಿಹಾಕಿಕೊಂಡರೆ ನೇಮು ತಾನಾಗಿ ತೆಳುವಾಗುತ್ತದೆ. ಕೋಆಮಿಕ್ಸ್ ಸಂಸ್ಥೆ 2012ರಲ್ಲಿ ಶುರುಮಾಡಿದ ಸೈಲೆಂಟ್ ಮಾಂಗಾ ಆಡಿಷನ್‌ನ ಮಾತಿಲ್ಲದ ಕಥೆಯ ನಿಯಮ ಜಪಾನಿ ಬಾರದ ವಿದೇಶಿಯರಿಗೆ ಅನುಕೂಲ, ಆದರೆ ಮಾತಿನ ಚಟ ಬಿಡಿಸಲೂ ಅದಕ್ಕಿಂತ ಒಳ್ಳೆಯ ವ್ಯಾಯಾಮವಿಲ್ಲ.

ದುಡ್ಡಿನ ವಿಷಯ. ಪುಟಕ್ಕೆ 10,000 ಯೆನ್ ಸಿಗುತ್ತದೆ ಎಂದುಕೊಂಡರೆ ತಿಂಗಳಿಗೆ 30 ಪುಟಕ್ಕೆ 3,00,000 ಯೆನ್. ಸಂಭಾವನೆ ಕೊಡುವಾಗಲೇ ಪ್ರಕಾಶಕರು 10.21% ಮೂಲದಲ್ಲೇ ತೆರಿಗೆ ಹಿಡಿಯುತ್ತಾರೆ, ಅಂದರೆ 30,630. ಸಹಾಯಕರಿಗೆ ದಿನಕ್ಕೆ 10,000ದಂತೆ ಹತ್ತು ದಿನ ಎಂದರೆ 1,00,000. ಉಳಿದದ್ದು 1,69,370, ಅದರಲ್ಲಿ ಬಾಡಿಗೆ, ವಿಮೆ, ಪಿಂಚಣಿ. ಮೂಲದಲ್ಲಿ ಹಿಡಿದ ತೆರಿಗೆಯಲ್ಲಿ ಹೆಚ್ಚಾದದ್ದು ಫೆಬ್ರವರಿ 16ರಿಂದ ಮಾರ್ಚ್ 15ರೊಳಗೆ ಸಲ್ಲಿಸುವ ವಾರ್ಷಿಕ ಲೆಕ್ಕಪತ್ರದಲ್ಲಿ ವಾಪಸು ಬರುತ್ತದೆ, ಸಹಾಯಕರ ಕೂಲಿಯನ್ನೂ ಖರ್ಚೆಂದು ತೋರಿಸಬಹುದು. ಆರು ತಿಂಗಳಿಗೆ 180 ಪುಟ ಕೂಡಿ ಪುಸ್ತಕವಾದಾಗ, 700 ಯೆನ್ ಬೆಲೆಗೆ ಸಾಮಾನ್ಯ ದರವಾದ ಶೇ. 10 ರಾಯಲ್ಟಿಯಂತೆ 10,000 ಪ್ರತಿಗೆ 7,00,000 ಯೆನ್. ಮೊದಲ ಪುಸ್ತಕ ಬರುವ ತನಕದ ಆ ಆರೇಳು ತಿಂಗಳೇ ಸಂಸಾರಸ್ಥರನ್ನು ಹಿಂಡುವುದು. ಕನಿಷ್ಠ ಒಂದು ವರ್ಷದ ಮನೆಖರ್ಚು ಕೈಯಲ್ಲಿಲ್ಲದೆ ರಾಜೀನಾಮೆ ಬರೆಯಬಾರದು.

ನೌಕರಿಯಲ್ಲಿದ್ದುಕೊಂಡೇ ಬರೆಯುವವರು ಕಂಪನಿಯ ಕೆಲಸದ ನಿಯಮಗಳನ್ನು ಮೊದಲು ಓದಬೇಕು. ಜಪಾನ್ ಸರ್ಕಾರದ ಮಾದರಿ ನಿಯಮಾವಳಿ 2018ರಲ್ಲಿ ಉಪವೃತ್ತಿಗೆ ಅವಕಾಶ ಕೊಡುವಂತೆ ಬದಲಾಯಿತು, ಹಾಗೆಂದು ಎಲ್ಲ ಕಂಪನಿಗಳೂ ಬದಲಾಗಿಲ್ಲ. ಸರ್ಕಾರಿ ನೌಕರರ ಮೇಲೆ ಕಾನೂನಿನ ನಿರ್ಬಂಧವೇ ಇದೆ, ಅವರು ಅನುಮತಿ ಕೇಳದೆ ಸಂಭಾವನೆ ತೆಗೆದುಕೊಳ್ಳಬಾರದು. ಖರ್ಚು ಕಳೆದು ಉಪವೃತ್ತಿಯ ಆದಾಯ ವರ್ಷಕ್ಕೆ 2,00,000 ಯೆನ್ ಮೀರಿದರೆ ಸಂಬಳದಾರರೂ ಆದಾಯ ತೆರಿಗೆ ಲೆಕ್ಕಪತ್ರ ಸಲ್ಲಿಸಬೇಕು. ಮೀರದಿದ್ದರೂ ಸ್ಥಳೀಯ ನಿವಾಸಿ ತೆರಿಗೆಗೆ ಘೋಷಿಸಬೇಕಾಗುತ್ತದೆ, ಬಹಳ ಜನ ಎಡವುವುದು ಇಲ್ಲೇ. ಕೆಲಸ ಬಿಟ್ಟ ಮೇಲೆ ಕಂಪನಿಯ ಆರೋಗ್ಯ ವಿಮೆ ಹೋಗುತ್ತದೆ. ಜಪಾನ್ ವ್ಯಂಗ್ಯಚಿತ್ರಕಾರರ ಸಂಘದಂಥ ಸಂಘದ ಸದಸ್ಯರಾದರೆ ಸಾಹಿತಿ-ಕಲಾವಿದರ ಆರೋಗ್ಯ ವಿಮಾ ಸಂಘಕ್ಕೆ ಸೇರಬಹುದು, ಅಲ್ಲಿ ಕಂತು ಆದಾಯದೊಂದಿಗೆ ಏರುವುದಿಲ್ಲ. ಇತ್ತ 17ರ ಕಲಾವಿದರಿಗೆ ಬೇರೆ ತೊಡಕು: ವಯಸ್ಕತನದ ವಯಸ್ಸು 2022ರ ಏಪ್ರಿಲ್‌ನಿಂದ 18. ಅದಕ್ಕಿಂತ ಚಿಕ್ಕವರ ಒಪ್ಪಂದಕ್ಕೆ ಪೋಷಕರ ಸಮ್ಮತಿ ಬೇಕು.

ದೇಹ ಮಾತ್ರ ವಯಸ್ಸನ್ನು ಮರೆಯುವುದಿಲ್ಲ. ನಲವತ್ತರ ಆಚೀಚೆ ಹತ್ತಿರದ ದೃಷ್ಟಿ ಮಂಜಾಗುತ್ತದೆ. ಆ ಕನ್ನಡಕಕ್ಕೆ ನಮ್ಮಲ್ಲಿ ಚಾಳೀಸು ಎಂದೇ ಹೆಸರು. ಪರದೆಯ ಮೇಲೆ ಚಿತ್ರ ಹಿಗ್ಗಿಸಬಹುದಾದ್ದರಿಂದ ಡಿಜಿಟಲ್ ಇಲ್ಲಿ ಕಾಪಾಡುತ್ತದೆ, ಆದರೆ ಹಿಗ್ಗಿಸಿ ಬರೆದ ಸೂಕ್ಷ್ಮಗೆರೆ ಅಚ್ಚಿನಲ್ಲಿ ಮಸಿಯಾಗುತ್ತದೆ. ಅರ್ಧ ಗಂಟೆಗೊಮ್ಮೆ ಮುದ್ರಣದ ಗಾತ್ರಕ್ಕೆ ಇಳಿಸಿ ನೋಡಬೇಕು. ಮಣಿಕಟ್ಟಿನ ಸ್ನಾಯುರಜ್ಜು ಊದುವುದು ಮತ್ತು ಸೊಂಟ ಹಿಡಿಯುವುದು ಈ ವೃತ್ತಿಯ ಎರಡು ಕಾಯಿಲೆಗಳು, ಇಪ್ಪತ್ತರವರನ್ನೂ ಬಿಡುವುದಿಲ್ಲ. 'ಹಂಟರ್ × ಹಂಟರ್' ಬರೆಯುವ ಯೊಶಿಹಿರೊ ತೊಗಾಶಿ ಸೊಂಟನೋವಿನಿಂದ ಧಾರಾವಾಹಿ ಪದೇ ಪದೇ ನಿಲ್ಲಿಸಬೇಕಾದದ್ದು ಎಲ್ಲರಿಗೂ ಗೊತ್ತಿರುವ ವಿಷಯ. ಬೆರಳಿನಿಂದ ಎಳೆಯುವ ಬದಲು ಮೊಣಕೈಯಿಂದ ಗೆರೆ ಎಳೆಯುವುದು, ಪೆನ್ನಿಗೆ ದಪ್ಪ ಹಿಡಿಕೆ, ಪರದೆಯನ್ನು ಓರೆ ನಿಲ್ಲಿಸಿ ಕುತ್ತಿಗೆ ಬಗ್ಗದಂತೆ ನೋಡಿಕೊಳ್ಳುವುದು, ಇಷ್ಟು ಮೊದಲ ದಿನದಿಂದಲೇ ಬೇಕು. ರಾತ್ರಿಯಿಡೀ ಎಚ್ಚರವಿರುವುದನ್ನು ಶೌರ್ಯವೆಂದು ಹಾಡುವವರಿಗೆ ಹಾಗೆ ದುಡಿದ ತೆಜುಕಾ, ಇನ್ನೊಬ್ಬ ಹೆಸರಾಂತ ಕಲಾವಿದ ಇಶಿನೊಮೊರಿ ಇಬ್ಬರೂ 60ಕ್ಕೆ ಹೋದರು, ನಿದ್ದೆಗೆ ಮಹತ್ವ ಕೊಟ್ಟ ಮಿಜುಕಿ 93ರವರೆಗೆ ಬದುಕಿದರು ಎಂದು ನೆನಪಿಸಬಹುದು. ಇದು ಪುರಾವೆಯಲ್ಲ, ಬಿಡಿ.

ಕಥೆ ಸಿದ್ಧವಾದ ಮೇಲೆ ಮೊಚಿಕೊಮಿ. ಸಂಪಾದಕೀಯ ಕಚೇರಿಗೆ ಮಧ್ಯಾಹ್ನದ ಮೇಲೆ ಫೋನ್ ಮಾಡಿ ಸಮಯ ಗೊತ್ತುಮಾಡಿಕೊಂಡು ಮುಗಿದ ಹಸ್ತಪ್ರತಿಯನ್ನು ಒಯ್ಯುವುದು. ಈಗ ಆನ್‌ಲೈನ್‌ನಲ್ಲೂ ತೆಗೆದುಕೊಳ್ಳುತ್ತಾರೆ. ರಜೆ ಸಿಗದ ನೌಕರರಿಗೆ ಟೋಕಿಯೊ ಬಿಗ್ ಸೈಟ್‌ನಲ್ಲಿ ನಡೆಯುವ ಕೊಮಿತಿಯಾ ಅನುಕೂಲ. 1984ರಿಂದ ನಡೆಯುತ್ತಿರುವ ಈ ಸ್ವಂತ ಕೃತಿಗಳ ಮೇಳಕ್ಕೆ ಪತ್ರಿಕೆಗಳ ಸಂಪಾದಕರೇ ಬಂದು ಮೇಜು ಹಾಕುತ್ತಾರೆ, ಒಂದೇ ದಿನ ನಾಲ್ಕೈದು ಪತ್ರಿಕೆಗಳಿಗೆ ತೋರಿಸಬಹುದು. ಕೊದಾನ್ಶಾದ ಡೇಸ್ ನಿಯೊ ತಾಣದಲ್ಲಿ ಕೃತಿ ಏರಿಸಿದರೆ ಇಷ್ಟಪಟ್ಟ ಸಂಪಾದಕರೇ ಕೈ ಎತ್ತುತ್ತಾರೆ. ಮೂರು ಕಡೆ ಮೂರು ಅಭಿಪ್ರಾಯ ಬಂದರೆ ಗಾಬರಿ ಬೇಡ. ಮೂವರೂ ಒಂದೇ ಪುಟದಲ್ಲಿ ತಡವರಿಸಿದರೆ ಆ ಪುಟ ಮಾತ್ರ ಖಂಡಿತ ಕೆಟ್ಟಿದೆ.

ಸಂಪಾದಕರು ನಿಮ್ಮೆದುರೇ ಓದುತ್ತಾರೆ. ನಿಮಗಿಂತ ಹತ್ತು ವರ್ಷ ಚಿಕ್ಕವರಿರಬಹುದು, ಓದುತ್ತಿರುವಾಗ ವಿವರಣೆ ಕೊಡಲು ಹೋಗಬೇಡಿ. ಮುಗಿದ ಮೇಲೆ 'ಹೇಗಿದೆ' ಎನ್ನುವ ಬದಲು 'ಯಾವ ಪುಟದಲ್ಲಿ ಓದು ನಿಧಾನವಾಯಿತು' ಎಂದು ಕೇಳಿ. ವಿಸಿಟಿಂಗ್ ಕಾರ್ಡ್ ಕೊಟ್ಟರೆ ಮುಂದಿನ ನೇಮು ತರಲು ಹೇಳಿದಂತೆ. ವಯಸ್ಸು, ಉದ್ಯೋಗ ಕೇಳಿಯೇ ಕೇಳುತ್ತಾರೆ. ಕಡಿಮೆ ಮಾಡಿ ಹೇಳಬೇಡಿ, ಕ್ಷಮೆ ಕೇಳುವ ದನಿಯೂ ಬೇಡ. 'ನನಗೆ 36, ಕೆಲಸದಲ್ಲಿದ್ದೇನೆ, ತಿಂಗಳಿಗೆ 4 ಪುಟ ಮುಗಿಸಬಲ್ಲೆ, ಕಳೆದ ವರ್ಷ ಮುಗಿಸಿದ ಕಥೆಗಳು ಇವು' ಎಂದು ಆರರಲ್ಲಿ ಉಳಿದ ಐದನ್ನೂ ಮೇಜಿನ ಮೇಲಿಡಿ.